ಕಂಡದ್ದು, ಕೇಳಿದ್ದು, ಊಹಿಸಿದ್ದು: ತನಿಖೆಯ ಟಿಪ್ಪಣಿ ಮತ್ತು ಕ್ಷೇತ್ರಕಾರ್ಯದ ಕನ್ನಡ

1

ಕನ್ನಡ ಸಂಶೋಧನೆಯಲ್ಲಿ ಆಕರಗಳ ಬಗೆಗೆ ನಡೆದಷ್ಟು ಚರ್ಚೆ ಆಕರವೊಂದು ಹುಟ್ಟುವ ಗಳಿಗೆಯ ಬಗೆಗೆ ನಡೆದಿಲ್ಲ. ಶಾಸನ, ಓಲೆಗರಿ, ಕಡತ, ಅಚ್ಚಾದ ಪುಸ್ತಕ ಇವೆಲ್ಲ ಸಂಶೋಧಕರ ಕೈಗೆ ಬರುವ ಹೊತ್ತಿಗೆ ಬರೆದು ಮುಗಿದಿರುತ್ತವೆ. ಅವುಗಳನ್ನು ಓದುವುದು, ಹೋಲಿಸುವುದು, ಕಾಲವನ್ನು ನಿರ್ಣಯಿಸುವುದು ಮಾತ್ರ ಸಂಶೋಧಕರ ಪಾಲಿಗೆ ಉಳಿದಿರುತ್ತದೆ. ಕ್ಷೇತ್ರಕಾರ್ಯದ ಸಂಗತಿ ಹಾಗಲ್ಲ. ಅಲ್ಲಿ ಸಂಶೋಧಕರು ತಮ್ಮ ಆಕರವನ್ನು ತಾವೇ ಬರೆಯುತ್ತಾರೆ. ಹಾಡುವವರ ಎದುರು ಕುಳಿತು, ಜಾತ್ರೆಯ ಗದ್ದಲದಲ್ಲಿ ನಿಂತು, ಬಸ್ಸಿಗಾಗಿ ಕಾಯುತ್ತ ಗೀಚಿಕೊಂಡ ನಾಲ್ಕು ಸಾಲುಗಳೇ ಮುಂದೆ ಪ್ರಬಂಧದ ಅಧ್ಯಾಯವಾಗುತ್ತವೆ. ಆ ಅಧ್ಯಾಯ ಇನ್ನೊಬ್ಬರಿಗೆ ಆಕರವಾಗುತ್ತದೆ. ಪ್ರಬಂಧ ಗ್ರಂಥಾಲಯದ ಕಪಾಟನ್ನು ಸೇರುತ್ತದೆ, ಟಿಪ್ಪಣಿ ಪುಸ್ತಕವಾದರೋ ಮನೆಯ ಅಟ್ಟವನ್ನು ಸೇರುತ್ತದೆ.

ಇದೇ ಬಗೆಯ ಬರವಣಿಗೆಯನ್ನು ದಿನನಿತ್ಯ ಮಾಡುವ ಇನ್ನೊಂದು ವರ್ಗವಿದೆ. ಪೊಲೀಸ್, ಅರಣ್ಯ, ಕಂದಾಯ ಇಲಾಖೆಗಳ ತನಿಖಾಧಿಕಾರಿಗಳೂ ಸ್ಥಳಕ್ಕೆ ಹೋಗುತ್ತಾರೆ, ಜನರನ್ನು ಮಾತನಾಡಿಸುತ್ತಾರೆ, ನೋಡುತ್ತಾರೆ, ಅಳೆಯುತ್ತಾರೆ, ಬರೆಯುತ್ತಾರೆ. ಕನ್ನಡ ವಿಭಾಗಗಳು ಈ ಬರವಣಿಗೆಯನ್ನು ‘ಕಚೇರಿ ಕನ್ನಡ’ವೆಂದು ಹೆಸರಿಸಿ, ಅದರ ಶುಷ್ಕತೆಯನ್ನು ಗೇಲಿ ಮಾಡಿದ್ದುಂಟು. ಆದರೆ ಆ ಬರವಣಿಗೆಗೆ ಒಂದು ಪರೀಕ್ಷೆಯಿದೆ. ವಿದ್ವತ್ ಬರವಣಿಗೆಗೆ ಅದು ಇಲ್ಲ. ತನಿಖಾಧಿಕಾರಿ ಬರೆದ ಪ್ರತಿ ಸಾಲನ್ನೂ ಹತ್ತು ವರ್ಷಗಳ ಅನಂತರ ಎದುರು ಪಕ್ಷದ ವಕೀಲರು ಹಿಡಿದು ಎಳೆಯಬಹುದು: ಎಷ್ಟು ಹೊತ್ತಿಗೆ ಬರೆದಿರಿ, ಎಲ್ಲಿ ನಿಂತು ಬರೆದಿರಿ, ಇದನ್ನು ನೀವು ಕಂಡಿರೋ ಕೇಳಿದಿರೋ? ಪಿಎಚ್.ಡಿ. ಮೌಖಿಕ ಪರೀಕ್ಷೆಯಲ್ಲಿ ಕ್ಷೇತ್ರ ಟಿಪ್ಪಣಿಯ ಬಗೆಗೆ ಇಂಥ ಪ್ರಶ್ನೆಗಳು ಏಳುವುದು ಅಪರೂಪ.

ಕಾರವಾರದಿಂದ ಅಂಕೋಲೆಗೆ ಸುಮಾರು 35 ಕಿಲೋಮೀಟರ್ ದಾರಿ. ಇಷ್ಟು ಕಿರಿದಾದ ಕರಾವಳಿಯ ಪಟ್ಟಿಯಲ್ಲಿ ಎರಡೂ ಬಗೆಯ ಅನ್ವೇಷಣೆಗಳು ನಡೆದಿವೆ. ಕರ್ನಾಟಕದ ಅತಿ ದೊಡ್ಡ ಅದಿರು ತನಿಖೆಗಳಲ್ಲೊಂದಕ್ಕೆ ಅಂಕೋಲಾ ತಾಲ್ಲೂಕಿನ ಒಂದು ಕಿರುಬಂದರು ನೆಲೆಯಾಯಿತು. ಹಾಲಕ್ಕಿ ಒಕ್ಕಲಿಗರ ಹಾಡು ಕುಣಿತಗಳ ಬಗೆಗೆ ಜಾನಪದ ವಿದ್ವಾಂಸರು ದಶಕಗಳ ಕಾಲ ಓಡಾಡಿದ್ದೂ ಇದೇ ನೆಲದಲ್ಲಿ. ಇವೆರಡನ್ನು ಒಟ್ಟಿಗೆ ಇಟ್ಟು ನೋಡಿದರೆ ಟಿಪ್ಪಣಿಯೆಂಬ ಸಾಮಾನ್ಯ ಬರವಣಿಗೆಯ ಬೆಲೆ ಸ್ಪಷ್ಟವಾಗುತ್ತದೆ.

2

ಬೇಲೆಕೇರಿ ಅಂಕೋಲಾ ಪಟ್ಟಣಕ್ಕೆ ಸಮೀಪದ ಕಡಲತೀರದ ಊರು. ಮೀನುಗಾರರ ದೋಣಿಗಳಿಗೂ ಸಣ್ಣಪುಟ್ಟ ಸರಕಿಗೂ ಆಸರೆಯಾಗಿದ್ದ ಅಲ್ಲಿಯ ಬಂದರು ಎರಡು ಸಾವಿರದ ದಶಕದಲ್ಲಿ ಏಕಾಏಕಿ ರಾಜ್ಯದ ಗಮನ ಸೆಳೆಯಿತು. ಚೀನಾದ ಉಕ್ಕಿನ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಏರಿದಾಗ ಬಳ್ಳಾರಿ, ಹೊಸಪೇಟೆ, ಸಂಡೂರುಗಳ ಅದಿರು ಹುಬ್ಬಳ್ಳಿ, ಯಲ್ಲಾಪುರಗಳನ್ನು ದಾಟಿ, ಅರಬೈಲು ಘಟ್ಟವನ್ನಿಳಿದು ಈ ತೀರಕ್ಕೆ ಬರತೊಡಗಿತು. ಅಂದಿನ ರಾಷ್ಟ್ರೀಯ ಹೆದ್ದಾರಿ 63ರ ಉದ್ದಕ್ಕೂ ಲಾರಿಗಳ ಸಾಲು, ರಸ್ತೆಯ ಬದಿಯ ಎಲೆಗಳ ಮೇಲೆ ಕೆಂಪು ಧೂಳು. ಅರಣ್ಯ ಪ್ರದೇಶದ ಅದಿರನ್ನು ಸಾಗಿಸಲು ಗಣಿ ಇಲಾಖೆಯ ಪರವಾನಗಿಯಷ್ಟೇ ಸಾಲದು, ಅರಣ್ಯ ಇಲಾಖೆಯ ಸಾಗಣೆ ಪರವಾನಗಿಯೂ ಬೇಕು. ಬಂದರಿನಲ್ಲಿ ರಾಶಿ ಬಿದ್ದ ಅದಿರಿಗೆ ಅಂಥ ಕಾಗದಗಳಿವೆಯೇ ಎಂಬುದು ತನಿಖೆಯ ಮೊದಲ ಪ್ರಶ್ನೆಯಾಗಿತ್ತು.

2010ರ ಮಾರ್ಚ್‌ನಲ್ಲಿ ಅರಣ್ಯ ಇಲಾಖೆಯ ಅಧಿಕಾರಿಗಳು ಬೇಲೆಕೇರಿಯಲ್ಲಿ 8 ಲಕ್ಷ ಮೆಟ್ರಿಕ್ ಟನ್‌ಗೂ ಮಿಕ್ಕ ಅದಿರನ್ನು ಜಬ್ತು ಮಾಡಿದರು. ಅಷ್ಟು ದೊಡ್ಡ ರಾಶಿಯನ್ನು ಬೇರೆಡೆಗೆ ಒಯ್ದು ಇಡುವುದು ಅಸಾಧ್ಯವಾದ್ದರಿಂದ ಅದು ಬಂದರಿನ ಆವರಣದಲ್ಲೇ ಉಳಿಯಿತು. ಕೆಲವು ವಾರಗಳ ಬಳಿಕ ನೋಡಿದಾಗ ಅದರಲ್ಲಿ ಸುಮಾರು 5 ಲಕ್ಷ ಟನ್ ಅಲ್ಲಿರಲಿಲ್ಲ, ಹಡಗುಗಳಲ್ಲಿ ಹೊರಟುಹೋಗಿತ್ತು. ಈ ಪ್ರಕರಣದಲ್ಲಿ ಕೆಲಸ ಮಾಡಿದ್ದ ಉಪ ಅರಣ್ಯ ಸಂರಕ್ಷಣಾಧಿಕಾರಿ ಆರ್. ಗೋಕುಲ್ ಅವರನ್ನು ಅಮಾನತುಗೊಳಿಸುವ ಪ್ರಯತ್ನ ನಡೆದಾಗ, ಅಂದಿನ ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರು 2010ರ ಜೂನ್ 23ರಂದು ರಾಜೀನಾಮೆ ನೀಡಿದರು. ಜುಲೈ ಆರಂಭದಲ್ಲಿ ಅದನ್ನು ಹಿಂತೆಗೆದುಕೊಂಡರು. ಅವರ ಅಂತಿಮ ವರದಿ 2011ರ ಜುಲೈ 27ರಂದು ಸರ್ಕಾರದ ಕೈಸೇರಿತು. 2006ರಿಂದ 2010ರ ಅವಧಿಯಲ್ಲಿ ಸುಮಾರು 2.98 ಕೋಟಿ ಟನ್ ಅದಿರು ಅಕ್ರಮವಾಗಿ ರಫ್ತಾಗಿದೆಯೆಂದು ಆ ವರದಿ ಲೆಕ್ಕಹಾಕಿತು. ಮುಂದೆ 2012ರಲ್ಲಿ ಸುಪ್ರೀಂ ಕೋರ್ಟ್ ಆದೇಶದಂತೆ ಬೇಲೆಕೇರಿಯ ವಿಷಯ ಸಿಬಿಐಗೆ ಹೋಯಿತು. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಆರೋಪಿಗಳನ್ನು ತಪ್ಪಿತಸ್ಥರೆಂದು ಘೋಷಿಸಿತು, ಮರುತಿಂಗಳು ಹೈಕೋರ್ಟ್ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಅಪರಾಧ ಯಾರದೆಂಬುದು ನ್ಯಾಯಾಲಯಗಳ ವ್ಯಾಪ್ತಿಗೆ ಸೇರಿದ ವಿಚಾರ. ಇಲ್ಲಿ ಗಮನಿಸಬೇಕಾದದ್ದು ಬೇರೊಂದು ಸಂಗತಿಯನ್ನು.

ಅದಿರು ಆ ತೀರದಿಂದ ಹಲವು ವರ್ಷಗಳಿಂದ ಹೋಗುತ್ತಲೇ ಇತ್ತು. ಘಟ್ಟದ ಕೆಳಗಿನ ಊರಿನವರೆಲ್ಲ ಅದನ್ನು ಕಂಡವರೇ. ಆದರೆ ಆ ವರ್ಷಗಳಲ್ಲಿ ಅದಿರು ‘ನಾಪತ್ತೆ’ಯಾಯಿತೆಂದು ಯಾರೂ ಹೇಳಲಿಲ್ಲ, ಹೇಳುವಂತೆಯೂ ಇರಲಿಲ್ಲ. ಇಂಥ ಜಾಗದಲ್ಲಿ, ಇಂಥ ದಿನ, ಇಷ್ಟು ಅದಿರಿದೆಯೆಂದು ಒಬ್ಬರು ಬರೆದು, ಪಂಚರು ರುಜು ಹಾಕಿದ ಮೇಲೆ ಮಾತ್ರ ಅದು ನಾಪತ್ತೆಯಾಗಲು ಸಾಧ್ಯವಾಯಿತು. ಬರೆದಿಡದ ವಸ್ತು ಕಳೆದುಹೋಗುವುದೂ ಇಲ್ಲ, ಅದು ಇರಲೇ ಇಲ್ಲವೆಂದಾಗಿಬಿಡುತ್ತದೆ. ಮಾರ್ಚ್ ತಿಂಗಳ ಆ ಟಿಪ್ಪಣಿ ಅದಿರನ್ನು ಕಾಯಲಿಲ್ಲ, ಕಾಗದಕ್ಕೆ ಆ ಶಕ್ತಿಯಿಲ್ಲ. ಆದರೆ ನಷ್ಟವನ್ನು ನಷ್ಟವೆಂದು ಕರೆಯುವ ಹಕ್ಕನ್ನು ಅದು ನಾಡಿಗೆ ಕೊಟ್ಟಿತು. ಒಬ್ಬ ಅಧಿಕಾರಿಯ ಹುದ್ದೆಗೆ ಕುತ್ತು ಬಂದು, ರಾಜ್ಯದ ಲೋಕಾಯುಕ್ತರೇ ರಾಜೀನಾಮೆ ನೀಡುವಷ್ಟು ದೂರ ವಿಷಯ ಬೆಳೆದದ್ದು ಆ ಹಕ್ಕಿನ ಸುತ್ತಲೇ.

3

ಅಂಥ ಬಲ ಟಿಪ್ಪಣಿಗೆ ಎಲ್ಲಿಂದ ಬರುತ್ತದೆ? ಅಂಕಿ ಇದ್ದ ಮಾತ್ರಕ್ಕೆ ಬರುವುದಿಲ್ಲ. ಅಂಕಿ ಹೇಗೆ ದೊರೆಯಿತೆಂಬುದು ಅದರ ಜೊತೆಗೇ ಇರಬೇಕು. ಲಕ್ಷಗಟ್ಟಲೆ ಟನ್ ತೂಗುವ ರಾಶಿಯನ್ನು ತಕ್ಕಡಿಯ ಮೇಲಿಡಲಾಗದು. ಅಂಥ ರಾಶಿಗಳ ಉದ್ದ, ಅಗಲ, ಎತ್ತರಗಳನ್ನು ಅಳೆದು, ಘನ ಅಳತೆಯನ್ನು ಕಂಡುಕೊಂಡು, ಅದಿರಿನ ಸಾಂದ್ರತೆಯಿಂದ ಗುಣಿಸಿ ತೂಕವನ್ನು ನಿಗದಿ ಮಾಡುವುದು ರೂಢಿ. ರಾಶಿಯ ಬುಡ ಸಮತಟ್ಟಾಗಿದೆಯೋ ತಗ್ಗಿದೆಯೋ, ಅದಿರು ಒಣಗಿದೆಯೋ ಮಳೆಯಲ್ಲಿ ನೆನೆದಿದೆಯೋ, ಪುಡಿಯೋ ಗಟ್ಟಿಯೋ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಬರಿಯ ‘8 ಲಕ್ಷ ಟನ್’ ಎಂದು ಬರೆದವರನ್ನು ಅಲುಗಿಸುವುದು ಸುಲಭ. ಅಳತೆಯ ಕ್ರಮ, ಬಳಸಿದ ಸಾಧನ, ಅಳೆದವರ ಹೆಸರು, ಹೊತ್ತು ಇವನ್ನೆಲ್ಲ ದಾಖಲಿಸಿದವರನ್ನು ಅಲುಗಿಸುವುದು ಕಷ್ಟ. ಇನ್ನೊಬ್ಬರು ಅದೇ ಕ್ರಮದಲ್ಲಿ ಮತ್ತೆ ಅಳೆಯಬಹುದಾದ್ದರಿಂದ ಎರಡನೆಯದು ವಾದದ ವಸ್ತುವಾಗುತ್ತದೆ, ಮೊದಲನೆಯದು ನಂಬಿಕೆಯ ವಸ್ತುವಾಗಿಯೇ ಉಳಿಯುತ್ತದೆ.

ಕಾನೂನು ಈ ಶಿಸ್ತನ್ನು ಹಂತಹಂತವಾಗಿ ಬಿಗಿಗೊಳಿಸುತ್ತ ಬಂದಿದೆ. 1973ರ ದಂಡ ಪ್ರಕ್ರಿಯಾ ಸಂಹಿತೆಯ 172ನೆಯ ಕಲಮು ಪೊಲೀಸ್ ತನಿಖಾಧಿಕಾರಿ ದಿನದಿನವೂ ದಿನಚರಿ ಬರೆಯಬೇಕೆಂದು ವಿಧಿಸಿತ್ತು. ಸುದ್ದಿ ಯಾವಾಗ ಮುಟ್ಟಿತು, ತನಿಖೆ ಎಷ್ಟು ಹೊತ್ತಿಗೆ ಆರಂಭವಾಗಿ ಎಷ್ಟು ಹೊತ್ತಿಗೆ ಮುಗಿಯಿತು, ಯಾವ ಯಾವ ಸ್ಥಳಗಳಿಗೆ ಹೋದದ್ದಾಯಿತು, ಏನು ಕಂಡುಬಂತು ಎಂಬ ವಿವರಗಳು ಅದರಲ್ಲಿರಬೇಕು. 2009ರ ಡಿಸೆಂಬರ್ 31ರಿಂದ ಜಾರಿಗೆ ಬಂದ ತಿದ್ದುಪಡಿಯೊಂದು ಆ ದಿನಚರಿ ಪುಟಸಂಖ್ಯೆ ಹಾಕಿದ ಸಂಪುಟವಾಗಿರಬೇಕೆಂದಿತು. ಬಿಡಿ ಹಾಳೆಯಾದರೆ ನಡುವೆ ಒಂದನ್ನು ತೆಗೆದು ಇನ್ನೊಂದನ್ನು ಸೇರಿಸಬಹುದು, ಪುಟಸಂಖ್ಯೆಯಿದ್ದ ಸಂಪುಟದಲ್ಲಿ ಹಾಗೆ ಮಾಡಿದರೆ ಗುರುತು ಉಳಿಯುತ್ತದೆ ಎಂಬ ಸರಳ ಲೋಕಜ್ಞಾನ ಇದರ ಹಿಂದಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 192ನೆಯ ಕಲಮು ಇದೇ ನಿಯಮವನ್ನು ಮುಂದುವರಿಸಿದೆ. ವಿಶೇಷವೆಂದರೆ, ಇಷ್ಟೆಲ್ಲ ಕಟ್ಟಳೆಗಳಿದ್ದೂ ಈ ದಿನಚರಿಯನ್ನು ನ್ಯಾಯಾಲಯ ಸಾಕ್ಷ್ಯವಾಗಿ ಬಳಸುವಂತಿಲ್ಲ, ವಿಚಾರಣೆಗೆ ನೆರವಾಗಿ ಮಾತ್ರ ನೋಡಬಹುದು. ಬರೆದವರೇ ತಮ್ಮ ಬರಹಕ್ಕೆ ಸಾಕ್ಷಿಯಾಗಲಾರರೆಂಬ ಎಚ್ಚರ ಇಲ್ಲಿದೆ.

1872ರ ಸಾಕ್ಷ್ಯ ಅಧಿನಿಯಮದಲ್ಲಿದ್ದ ಇನ್ನೊಂದು ನಿಯಮ ಸಂಶೋಧಕರಿಗೆ ಇನ್ನೂ ಹತ್ತಿರದ್ದು. ಸಾಕ್ಷಿ ಹೇಳುವವರು ನೆನಪಿಗಾಗಿ ತಮ್ಮ ಟಿಪ್ಪಣಿಯನ್ನು ನೋಡಿಕೊಳ್ಳಬಹುದು. ಆದರೆ ಅದು ಘಟನೆ ನಡೆದಾಗಲೇ, ಇಲ್ಲವೆ ನೆನಪು ಇನ್ನೂ ಹಸಿಯಾಗಿರುವಷ್ಟರಲ್ಲೇ ಬರೆದದ್ದಾಗಿರಬೇಕು. ವಾರ ಕಳೆದು, ವಸತಿಗೃಹಕ್ಕೆ ಮರಳಿ, ವಾಕ್ಯಗಳನ್ನು ತಿದ್ದಿ ತೀಡಿ ಬರೆದದ್ದು ನೆನಪಿನ ದಾಖಲೆಯಲ್ಲ, ಅದು ನೆನಪಿನ ಮೇಲಿನ ಪ್ರಬಂಧ. ಕ್ಷೇತ್ರಕಾರ್ಯದ ಅನೇಕ ಬರಹಗಳು ಈ ಎರಡನೆಯ ಜಾತಿಗೆ ಸೇರುತ್ತವೆ.

ಕಸುಬಿನವರ ಕೆಲವು ಅಭ್ಯಾಸಗಳು ನೋಡಲು ಕ್ಷುಲ್ಲಕವೆನಿಸುತ್ತವೆ. ತಪ್ಪಾದ ಪದವನ್ನು ಕಾಣದಂತೆ ಗೀಚಿಹಾಕದೆ, ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಚಿಕ್ಕ ರುಜು ಹಾಕುವುದು. ಪುಟದ ಕೊನೆಯಲ್ಲಿ ಉಳಿದ ಖಾಲಿ ಜಾಗಕ್ಕೆ ಅಡ್ಡಗೆರೆ ಹಾಕುವುದು. ಬರೆಯಲು ಕುಳಿತ ಹೊತ್ತನ್ನೂ ಎದ್ದ ಹೊತ್ತನ್ನೂ ನಮೂದಿಸುವುದು. ಬರೆದದ್ದನ್ನು ಹೇಳಿದವರಿಗೆ ಓದಿ ಹೇಳುವುದು. ಇವುಗಳಲ್ಲೆಲ್ಲ ಒಂದೇ ತತ್ವ ಅಡಗಿದೆ. ಟಿಪ್ಪಣಿ ತನ್ನ ತಪ್ಪನ್ನೂ ತನ್ನ ಮಿತಿಯನ್ನೂ ಮರೆಮಾಚಬಾರದು.

4

ಆದರೆ ಈ ಶಿಸ್ತಿನ ಭಾಷೆಯಲ್ಲೇ ಒಂದು ಬಿರುಕಿದೆ, ಕನ್ನಡದ ಅಧ್ಯಾಪಕರು ವಿಶೇಷವಾಗಿ ಗಮನಿಸಬೇಕಾದ ಬಿರುಕು ಅದು.

ಕಾರವಾರ, ಅಂಕೋಲೆಗಳು 1862ರಿಂದ ಮುಂಬಯಿ ಆಡಳಿತಕ್ಕೆ ಒಳಪಟ್ಟಿದ್ದು, 1956ರ ನವೆಂಬರ್ 1ರಂದು ಅಂದಿನ ಮೈಸೂರು ರಾಜ್ಯವನ್ನು ಸೇರಿದವು. ಹಳೆಯ ಮೈಸೂರಿನಲ್ಲಿ ‘ಮಹಜರು’ ಎನ್ನುವುದನ್ನು ಇತ್ತ ‘ಪಂಚನಾಮೆ’ ಎನ್ನುವ ರೂಢಿ ಆ ಚರಿತ್ರೆಯ ಕುರುಹು. ಜಬ್ತಿ, ಸುಪರ್ದು, ರುಜು, ಚಕ್ಕುಬಂದಿ ಮುಂತಾದ ಪದಗಳು ಅರಬ್ಬಿ, ಫಾರಸಿ, ಮರಾಠಿ, ಕನ್ನಡಗಳ ಹಲವು ಪದರಗಳನ್ನು ಹೊತ್ತು ಇಲ್ಲಿಗೆ ಬಂದಿವೆ. ಇನ್ನು ಸಾಕ್ಷಿದಾರರ ಭಾಷೆ ಬೇರೆಯೇ. ಕಾರವಾರದ ಮೀನುಗಾರರು ಕೊಂಕಣಿಯಲ್ಲಿ ಹೇಳುತ್ತಾರೆ, ಅಂಕೋಲೆಯ ಹಾಲಕ್ಕಿಗಳು ತಮ್ಮದೇ ಕನ್ನಡದಲ್ಲಿ ಹೇಳುತ್ತಾರೆ. ಬಯಲುಸೀಮೆಯಿಂದ ಬಂದ ಅಧಿಕಾರಿ ಅದನ್ನು ಗ್ರಾಂಥಿಕ ಕನ್ನಡಕ್ಕೆ ಇಳಿಸಿಕೊಳ್ಳುತ್ತಾರೆ. ಕೊನೆಗೆ ನ್ಯಾಯಾಲಯದಲ್ಲಿ ಅದು ಇಂಗ್ಲಿಷಿಗೂ ಹೋಗಬಹುದು. ಒಂದೇ ಮಾತು ಮೂರು ಹೊಳೆ ದಾಟುತ್ತದೆ.

ದಾಟುವಾಗ ಮೊದಲು ಮುಳುಗುವುದು ಯಾವುದು? ನಾಮಪದಗಳು ಮುಳುಗುವುದಿಲ್ಲ, ಕ್ರಿಯಾಪದವೂ ಬಹುಮಟ್ಟಿಗೆ ಉಳಿಯುತ್ತದೆ. ಮುಳುಗುವುದು ‘ಅಂತೆ’. ಕನ್ನಡ ವ್ಯಾಕರಣ ಈ ದೃಷ್ಟಿಯಿಂದ ಸಂಪನ್ನವಾದುದು. ‘ಲಾರಿ ಹೋಯಿತು’ ಎಂದರೆ ಹೇಳಿದವರೇ ಆ ಮಾತಿಗೆ ಹೊಣೆ. ‘ಲಾರಿ ಹೋಯಿತಂತೆ’ ಎಂದರೆ ಬೇರೆಯವರಿಂದ ಕೇಳಿದ್ದು. ‘ಲಾರಿ ಹೋಗಿರಬೇಕು’ ಎಂದರೆ ಚಕ್ರದ ಗುರುತನ್ನೋ ಧೂಳನ್ನೋ ಕಂಡು ಊಹಿಸಿದ್ದು. ‘ಹೋಯಿತೋ ಏನೋ’ ಎಂದರೆ ಸಂದೇಹ. ಓದುಬರಹವಿಲ್ಲದವರೂ ಈ ನಾಲ್ಕನ್ನು ಎಂದೂ ಬೆರೆಸುವುದಿಲ್ಲ. ಸಾಕ್ಷ್ಯಶಾಸ್ತ್ರ ಶತಮಾನಗಳ ಕಾಲ ಶ್ರಮಿಸಿ ರೂಪಿಸಿದ ವಿಂಗಡಣೆಯನ್ನು ಕನ್ನಡದ ಮಗು ಮಾತು ಕಲಿಯುವಾಗಲೇ ಕಲಿತಿರುತ್ತದೆ.

ಕಚೇರಿ ಕನ್ನಡಕ್ಕೆ ಬಂದಾಗ ಈ ನಾಲ್ಕೂ ಒಂದೇ ರೂಪವನ್ನು ತಾಳುತ್ತವೆ: ‘ಸದರಿ ಲಾರಿಯು ಹೋಗಿರುತ್ತದೆ’. ಇಲ್ಲವೆ ‘ಹೋಗಿರುವುದಾಗಿ ತಿಳಿದುಬಂದಿರುತ್ತದೆ’. ಯಾರಿಗೆ ತಿಳಿಯಿತು, ಯಾರಿಂದ ತಿಳಿಯಿತು, ಹೇಗೆ ತಿಳಿಯಿತು ಎಂಬುದಕ್ಕೆ ಆ ವಾಕ್ಯದಲ್ಲಿ ಸ್ಥಳವಿಲ್ಲ. ಕೇಳಿದ್ದು ಕಂಡದ್ದಾಗುತ್ತದೆ, ಊಹೆ ವಸ್ತುಸ್ಥಿತಿಯಾಗುತ್ತದೆ. ಹತ್ತು ವರ್ಷಗಳ ಬಳಿಕ ಸಾಕ್ಷಿದಾರರು ಕಟಕಟೆಯಲ್ಲಿ ನಿಂತು ‘ನಾನು ಕಾಣಲಿಲ್ಲ, ಕೇಳಿದ್ದು’ ಎಂದಾಗ ಅವರು ಹೇಳಿಕೆ ಬದಲಿಸಿದರೆಂಬ ಆಪಾದನೆ ಬರುತ್ತದೆ. ನಿಜಕ್ಕೂ ಬದಲಿಸಿದ್ದು ಅವರಲ್ಲ, ಅವರ ‘ಅಂತೆ’ಯನ್ನು ಕೈಬಿಟ್ಟ ಲೇಖನಿ. ಇದು ಶೈಲಿಯ ಪ್ರಶ್ನೆಯಲ್ಲ, ನ್ಯಾಯದ ಪ್ರಶ್ನೆ. ಬಡವರು, ಅನಕ್ಷರಸ್ಥರು, ಬೇರೆ ಮನೆಮಾತಿನವರು ಈ ಕೈಬಿಡುವಿಕೆಯ ಬೆಲೆಯನ್ನು ಹೆಚ್ಚಾಗಿ ತೆರುತ್ತಾರೆ. ತಮ್ಮ ಹೇಳಿಕೆಯ ಬರಹರೂಪವನ್ನು ತಾವೇ ಓದಿ ಆಕ್ಷೇಪಿಸುವ ಅವಕಾಶ ಅವರಿಗಿಲ್ಲ.

ವಿದ್ವತ್ ಬರವಣಿಗೆ ಇದರಿಂದ ಮುಕ್ತವಾಗಿದೆಯೆಂದು ಭಾವಿಸುವಂತಿಲ್ಲ. ‘ಈ ಸಮುದಾಯದಲ್ಲಿ ಹೀಗೆ ನಂಬಲಾಗುತ್ತದೆ’, ‘ಹಿಂದೆ ಹೀಗೆ ಆಚರಿಸಲಾಗುತ್ತಿತ್ತು’ ಎಂಬ ಕರ್ಮಣಿ ವಾಕ್ಯಗಳು ‘ತಿಳಿದುಬಂದಿರುತ್ತದೆ’ಯ ಸೋದರರೇ. ನಂಬುವವರು ಯಾರು, ಹೇಳಿದವರು ಎಷ್ಟು ಮಂದಿ, ಒಪ್ಪದವರು ಇದ್ದರೇ ಎಂಬ ಪ್ರಶ್ನೆಗಳನ್ನು ಅವು ಬಾಗಿಲ ಹೊರಗೇ ನಿಲ್ಲಿಸುತ್ತವೆ.

5

ಬೇಲೆಕೇರಿಯ ತರ್ಕವನ್ನು ಹಾಡಿನ ಲೋಕಕ್ಕೆ ಅನ್ವಯಿಸಿದರೆ ಏನಾಗುತ್ತದೆ? ಅಂಕೋಲಾ ತಾಲ್ಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡರು 2025ರ ಫೆಬ್ರವರಿ 13ರಂದು ತೀರಿಕೊಂಡರು. ಅಕ್ಷರ ಬಾರದ ಅವರು ಹಾಲಕ್ಕಿ ಹಾಡುಗಳ ಬಹುದೊಡ್ಡ ಸಂಗ್ರಹವನ್ನು ನೆನಪಿನಲ್ಲೇ ಹೊತ್ತಿದ್ದರು. 2017ರಲ್ಲಿ ಪದ್ಮಶ್ರೀ ಪುರಸ್ಕಾರ ಬಂತು, ಮದ್ಯವಿರೋಧಿ ಹೋರಾಟದಲ್ಲೂ ಅವರ ಹೆಸರು ನಿಂತಿತು. ಅವರೊಂದಿಗೆ ಏನು ಹೋಯಿತು ಎಂಬ ಪ್ರಶ್ನೆಗೆ ಭಾವುಕವಾದ ಉತ್ತರಗಳು ಹಲವಿವೆ. ಖಚಿತವಾದ ಉತ್ತರ ಸಿಗಬೇಕಾದರೆ ಯಾವ ಹಾಡನ್ನು ಯಾವ ದಿನ, ಎಲ್ಲಿ, ಯಾರೆದುರು ಹಾಡಿದರು, ಅದನ್ನು ಯಾರಿಂದ ಕಲಿತೆನೆಂದು ಹೇಳಿದರು ಎಂಬ ಟಿಪ್ಪಣಿಗಳಿರಬೇಕು. ಎಲ್ಲಿ ಅವಿವೆಯೋ ಅಲ್ಲಿ ನಷ್ಟವನ್ನು ಅಳೆಯಬಹುದು. ಎಲ್ಲಿ ಇಲ್ಲವೋ ಅಲ್ಲಿ ಹಾಡು ಮಾತ್ರವಲ್ಲ, ಹಾಡು ಹೋಯಿತೆಂಬ ಅರಿವೂ ಹೋಗುತ್ತದೆ.

ಇದೇ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರು 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅರಣ್ಯ ಇಲಾಖೆಯ ಸಸ್ಯಪಾಲನಾಕ್ಷೇತ್ರದಲ್ಲಿ ದಶಕಗಳ ಕಾಲ ದುಡಿದ ಅವರು ಬೆಳೆಸಿದ ಗಿಡಗಳ ಸಂಖ್ಯೆಯನ್ನು ಪತ್ರಿಕೆಗಳು ಒಂದೆಡೆ ಮೂವತ್ತು ಸಾವಿರವೆಂದವು, ಇನ್ನೊಂದೆಡೆ ಲಕ್ಷಕ್ಕೂ ಮಿಕ್ಕಿದೆಯೆಂದವು. ಒಂದೇ ಜೀವನದ ಲೆಕ್ಕದಲ್ಲಿ ಇಷ್ಟು ಅಂತರ ಬಂದದ್ದು ಅವರ ದೋಷವಲ್ಲ, ಎಣಿಸಿ ಬರೆದವರಿರಲಿಲ್ಲ. ಸಂಖ್ಯೆಗಿಂತಲೂ ದೊಡ್ಡ ಸಂಗತಿ ಇನ್ನೊಂದಿದೆ. ಬೀಜಕ್ಕೆ ತಾಯಿಮರವನ್ನು ಆರಿಸುವ ಅವರ ಕಣ್ಣು ಏನನ್ನು ನೋಡುತ್ತಿತ್ತು, ಯಾವ ಮರದ ಬೀಜವನ್ನು ಯಾವ ವಾರದಲ್ಲಿ ಆಯಬೇಕೆಂದು ಹೇಗೆ ತಿಳಿಯುತ್ತಿತ್ತು ಎಂಬುದನ್ನು ಅವರ ಪಕ್ಕದಲ್ಲಿ ನಡೆಯುತ್ತ ದಿನಾಂಕ ಸಹಿತ ಬರೆದಿಡುವುದು ತನಿಖೆಯಷ್ಟೇ ಗಂಭೀರವಾದ ಕೆಲಸ. ಸನ್ಮಾನದ ಭಾಷಣಗಳು ಆ ಕೆಲಸವನ್ನು ಮಾಡಲಾರವು.

ಉತ್ತರ ಕನ್ನಡದ ಜಾನಪದಕ್ಕೆ ಎಲ್. ಆರ್. ಹೆಗಡೆ, ಎನ್. ಆರ್. ನಾಯಕ ಮೊದಲಾದ ವಿದ್ವಾಂಸರು ಸಲ್ಲಿಸಿದ ಸೇವೆ ದೊಡ್ಡದು. ಅವರು ಬರೆದಿಡದಿದ್ದರೆ ಇಂದು ಚರ್ಚಿಸಲು ಪಠ್ಯಗಳೇ ಇರುತ್ತಿರಲಿಲ್ಲ. ಇಂದಿನ ಅಧ್ಯಯನ ಆ ಸಂಗ್ರಹಗಳ ಮುಂದಿನ ಹೆಜ್ಜೆಯಾಗಬೇಕಾದರೆ ಹಾಡಿನ ಜೊತೆಗೆ ಹಾಡಿದ ಸಂದರ್ಭವೂ ಬರಬೇಕು. ಸುಗ್ಗಿಯ ಕುಣಿತದಲ್ಲಿ ಗುಮಟೆಯ ಬಡಿತದೊಂದಿಗೆ ಹೊಮ್ಮಿದ ಹಾಡು, ಸಂಶೋಧಕರ ಕೋರಿಕೆಗೆ ಜಗಲಿಯ ಮೇಲೆ ಕುಳಿತು ಹೇಳಿಕೊಟ್ಟ ಹಾಡು, ಧ್ವನಿಮುದ್ರಣ ಕೊಠಡಿಯಲ್ಲಿ ಸಮಯ ನೋಡಿ ಮುಗಿಸಿದ ಹಾಡು ಈ ಮೂರೂ ಅಚ್ಚಿನಲ್ಲಿ ಒಂದೇ ಆಗಿ ಕಾಣುತ್ತವೆ. ಹಾಡುವವರ ಉಚ್ಚಾರವನ್ನು ‘ಶುದ್ಧ’ಗೊಳಿಸಿದರಂತೂ ಪಂಚನಾಮೆಯ ‘ಹೋಗಿರುತ್ತದೆ’ ಜನಪದ ಗೀತೆಯೊಳಗೂ ನುಸುಳಿದಂತಾಗುತ್ತದೆ.

ಆಶ್ಚರ್ಯವೆಂದರೆ, ಈ ಪ್ರಾಮಾಣಿಕತೆಯ ಮಾದರಿಯನ್ನು ಕನ್ನಡ ವಿದ್ವತ್ತು ಹೊರಗಿನಿಂದ ಕಲಿಯಬೇಕಾಗಿಲ್ಲ. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೊದಲ ಸಂಪುಟ 1886ರಲ್ಲಿ ಬಂದಂದಿನಿಂದ ಬೆಳೆದುಬಂದ ಶಾಸನ ಸಂಪಾದನೆಯಲ್ಲಿ ಅಳಿಸಿಹೋದ ಅಕ್ಷರದ ಜಾಗದಲ್ಲಿ ಚುಕ್ಕೆ ಇಡುತ್ತಾರೆ, ಸಂದೇಹದ ಅಕ್ಷರವನ್ನು ಆವರಣದಲ್ಲಿ ಹಾಕುತ್ತಾರೆ. ಗ್ರಂಥಸಂಪಾದನೆಯಲ್ಲಿ ಪಾಠಾಂತರಗಳನ್ನು ಅಡಿಯಲ್ಲಿ ಕೊಡುತ್ತಾರೆ. ಕಲ್ಲಿನ ಮೇಲೆ ಕಾಣದ ಅಕ್ಷರವನ್ನು ಕಂಡಂತೆ ಬರೆದವರನ್ನು ವಿದ್ವತ್ಸಮೂಹ ಕ್ಷಮಿಸದು. ಅದೇ ಸಮೂಹ, ಮನುಷ್ಯರ ಬಾಯಿಂದ ಕೇಳಿಸದ ಮಾತನ್ನು ಕೇಳಿದಂತೆ ಬರೆದವರನ್ನು ಪ್ರಶ್ನಿಸುವುದು ವಿರಳ. ಕಲ್ಲಿಗೆ ಸಲ್ಲುವ ಗೌರವ ಮಾತಿಗೂ ಸಲ್ಲಬೇಕು. ಧ್ವನಿಮುದ್ರಿಕೆಯಲ್ಲಿ ಅಲೆಗಳ ಸದ್ದಿಗೆ ಮುಚ್ಚಿಹೋದ ಪದದ ಜಾಗದಲ್ಲೂ ಒಂದು ಚುಕ್ಕೆ ಇರಲಿ.

ಈ ಕರಾವಳಿಯಲ್ಲಿ ಹಿಂದೆಯೇ ನಡೆದ ಒಂದು ಪ್ರಯೋಗವನ್ನೂ ಇಲ್ಲಿ ನೆನೆಯಬಹುದು. ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ 1800ರ ಏಪ್ರಿಲ್ 23ರಂದು ಮದರಾಸಿನಿಂದ ಹೊರಟ ಫ್ರಾನ್ಸಿಸ್ ಬುಕಾನನ್ 1801ರ ಆರಂಭದಲ್ಲಿ ಅಂಕೋಲೆಯ ಸೀಮೆಯನ್ನು ಹಾದುಹೋದ. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅವನ ಬರಹ ದಿನಾಂಕಗಳ ಅನುಕ್ರಮದಲ್ಲೇ ಇದೆ. ಅವನಿಗೆ ಕನ್ನಡ ಬಾರದು, ದುಭಾಷಿಗಳ ಮೂಲಕ ಕೇಳಿದ. ಅವನ ಉದ್ದೇಶ ಕಂಪನಿಯ ಆದಾಯದ್ದೆಂಬುದೂ ಸ್ಪಷ್ಟ. ಆದರೂ ರೈತರು ಹೇಳಿದ್ದನ್ನು ರೈತರ ಮಾತಾಗಿ, ಅಧಿಕಾರಿಗಳು ಹೇಳಿದ್ದನ್ನು ಅಧಿಕಾರಿಗಳ ಮಾತಾಗಿ, ತನ್ನ ಅನುಮಾನವನ್ನು ತನ್ನದಾಗಿ ಬೇರೆಬೇರೆ ಇಡುವ ಅಭ್ಯಾಸ ಅವನಿಗಿತ್ತು. ಅವನ ದೃಷ್ಟಿಕೋನವನ್ನು ಇಂದು ಟೀಕಿಸಲು ಸಾಧ್ಯವಾಗುವುದೂ ಆ ಅಭ್ಯಾಸದಿಂದಲೇ. 1883ರಲ್ಲಿ ಪ್ರಕಟವಾದ ಮುಂಬಯಿ ಪ್ರಾಂತ್ಯದ ಕೆನರಾ ಗೆಜೆಟಿಯರಿನಲ್ಲಿ ಹಲವರ ಮಾಹಿತಿ ಒಂದೇ ಏರಿಳಿತವಿಲ್ಲದ ದನಿಯಲ್ಲಿ ಬೆರೆತಿದೆ. ಅಲ್ಲಿ ಒಂದು ಸಮುದಾಯದ ಬಗೆಗಿನ ತೀರ್ಪು ಯಾರ ಬಾಯಿಂದ ಬಂತೆಂದು ಹುಡುಕುವುದು ಹೆಚ್ಚು ಕಷ್ಟ.

6

ಈಗ ಎಲ್ಲರ ಕಿಸೆಯಲ್ಲೂ ಧ್ವನಿಮುದ್ರಣ ಯಂತ್ರವಿದೆ, ಛಾಯಾಗ್ರಹಣ ಯಂತ್ರವಿದೆ. ಹೊಸ ಸಂಹಿತೆಯೂ ಶೋಧ ಮತ್ತು ಜಬ್ತಿಯ ಪ್ರಕ್ರಿಯೆಯನ್ನು ಧ್ವನಿ–ದೃಶ್ಯ ರೂಪದಲ್ಲಿ ದಾಖಲಿಸಬೇಕೆಂದು ವಿಧಿಸಿದೆ. ಹೀಗಿರುವಾಗ ಕೈಬರಹದ ಟಿಪ್ಪಣಿ ಏಕೆ ಎಂಬ ಪ್ರಶ್ನೆ ಸಹಜ. ಯಂತ್ರ ಸದ್ದನ್ನು ಹಿಡಿಯುತ್ತದೆ, ಆದರೆ ಮಾತನಾಡಿದವರು ಯಾರತ್ತ ನೋಡಿ ತಟಸ್ಥರಾದರು, ಕೋಣೆಗೆ ಯಾರು ಬಂದಾಗ ವಿಷಯ ಬದಲಾಯಿತು, ಮುದ್ರಣ ನಿಂತ ಮೇಲೆ ಏನು ಹೇಳಿದರು ಎಂಬುದನ್ನು ಹಿಡಿಯುವುದಿಲ್ಲ. ಹೆಸರಿನ ಬದಲು ಬರಿಯ ಸಂಖ್ಯೆ ಹೊತ್ತ ನೂರಾರು ಕಡತಗಳು ಹಳೆಯ ಫೋನಿನಲ್ಲಿ ಕೂತಿರುವುದು, ಪುಟಸಂಖ್ಯೆಯಿಲ್ಲದ ಬಿಡಿ ಹಾಳೆಗಳು ಅಟ್ಟದಲ್ಲಿ ಕೂತಿರುವುದಕ್ಕಿಂತ ಮೇಲಲ್ಲ. ಮುದ್ರಿಕೆ ಆಕರವಾಗುವುದು ಅದಕ್ಕೊಂದು ಟಿಪ್ಪಣಿ ಜೊತೆಗೂಡಿದಾಗ.

ಇದರೊಂದಿಗೆ ಇನ್ನೊಂದು ಹೊಣೆಯೂ ಇದೆ. ನಿಖರತೆ ಎಂದರೆ ಎಲ್ಲವನ್ನೂ ಎಲ್ಲರಿಗೂ ತೋರಿಸುವುದಲ್ಲ. ಎಲ್ಲರೂ ಎಲ್ಲರಿಗೂ ಪರಿಚಿತರಾದ ಕರಾವಳಿಯ ಸಣ್ಣ ಊರಿನಲ್ಲಿ, ಟಿಪ್ಪಣಿಯಲ್ಲಿ ಬರೆದ ಒಂದು ಹೆಸರು ಒಬ್ಬರ ಅನ್ನಕ್ಕೆ ಸಂಚಕಾರ ತರಬಹುದು. ಅದಿರಿನ ಲಾರಿ ಓಡಿಸಿದವರು, ಬಂದರಿನಲ್ಲಿ ಕೂಲಿ ಮಾಡಿದವರು, ಯೋಜನೆಗಳಿಗಾಗಿ ನೆಲ ಬಿಟ್ಟವರು ಸಂಶೋಧಕರನ್ನು ನಂಬಿ ಮಾತನಾಡುತ್ತಾರೆ. ಅವರ ಹೆಸರನ್ನೂ ಗುರುತನ್ನೂ ಬೇರೆ ಪುಸ್ತಕದಲ್ಲಿ, ಹೇಳಿಕೆಯನ್ನು ಸಂಕೇತ ಸಂಖ್ಯೆಯೊಂದಿಗೆ ಇನ್ನೊಂದು ಪುಸ್ತಕದಲ್ಲಿ ಇಡುವುದು ಕಷ್ಟದ ಕೆಲಸವೇನಲ್ಲ. ಹಾಡುಗಾರರ ವಿಷಯದಲ್ಲಿ ಇದು ತಿರುಗುಮುರುಗಾಗುತ್ತದೆ. ಅಲ್ಲಿ ಹೆಸರು ಕೊಡದಿರುವುದೇ ಅನ್ಯಾಯ. ಯಾವಾಗ ಹೆಸರು ಬೇಕು, ಯಾವಾಗ ಬೇಡ ಎಂಬುದನ್ನು ಹೇಳಿದವರನ್ನೇ ಕೇಳಿ, ಅವರ ಉತ್ತರವನ್ನೂ ಟಿಪ್ಪಣಿಯಲ್ಲೇ ಬರೆದುಕೊಳ್ಳುವುದು ಸರಿಯಾದ ಕ್ರಮ.

ಕನ್ನಡ ವಿಭಾಗಗಳ ಸಂಶೋಧನಾ ವಿಧಾನದ ಪಾಠಗಳಲ್ಲಿ ಅಡಿಟಿಪ್ಪಣಿಯ ಅಲ್ಪವಿರಾಮ ಎಲ್ಲಿರಬೇಕೆಂಬುದಕ್ಕೆ ಗಂಟೆಗಟ್ಟಲೆ ಸಮಯ ಸಲ್ಲುತ್ತದೆ. ಕ್ಷೇತ್ರದಲ್ಲಿ ಹೇಗೆ ಬರೆಯಬೇಕೆಂಬುದಕ್ಕೆ ಅದರ ಅರ್ಧ ಸಮಯವಾದರೂ ಸಲ್ಲಬೇಕು. ಪುಟಸಂಖ್ಯೆಯಿರುವ ಹೊಲಿದ ಪುಸ್ತಕ, ಪ್ರತಿ ನಮೂದಿಗೂ ದಿನ, ಹೊತ್ತು, ಸ್ಥಳ, ಜೊತೆಯಲ್ಲಿದ್ದವರು, ಕಂಡದ್ದು, ಕೇಳಿದ್ದು, ಊಹಿಸಿದ್ದು ಎಂಬ ಮೂರು ಬೇರೆಬೇರೆ ಗುರುತು, ಹೇಳಿದವರ ಮಾತು ಅವರ ಉಚ್ಚಾರದಲ್ಲೇ, ಅವರ ‘ಅಂತೆ’, ‘ಇರಬೇಕು’ಗಳ ಸಮೇತ, ಅಂದೇ ರಾತ್ರಿ ಮಾಡಿದ ಸೇರ್ಪಡೆಗೆ ಬೇರೆ ಬಣ್ಣ. ಪ್ರಬಂಧ ಸಲ್ಲಿಸುವಾಗ ಈ ಪುಸ್ತಕವನ್ನೂ ವಿಭಾಗದ ಗ್ರಂಥಾಲಯಕ್ಕೆ ಸಲ್ಲಿಸುವ ನಿಯಮ ಬಂದರೆ, ಗೌಪ್ಯ ಭಾಗಕ್ಕೆ ಬೀಗ ಹಾಕಿ ಉಳಿದದ್ದನ್ನು ಮುಂದಿನವರಿಗೆ ತೆರೆದರೆ, ಒಂದು ತಲೆಮಾರಿನ ಓಡಾಟ ಇನ್ನೊಂದು ತಲೆಮಾರಿಗೆ ಆಸ್ತಿಯಾಗುತ್ತದೆ. ಮೂವತ್ತು ವರ್ಷಗಳ ಬಳಿಕ ಅಂಕೋಲೆಯ ಅದೇ ಕೇರಿಗೆ ಹೋದ ವಿದ್ಯಾರ್ಥಿನಿಯೊಬ್ಬಳು ಹಿಂದಿನವರ ಪುಸ್ತಕವನ್ನು ಬಿಚ್ಚಿ, ಇಲ್ಲಿ ಇಂಥ ಹಾಡಿತ್ತು, ಇಂಥವರು ಹಾಡಿದ್ದರು, ಈಗ ಅದರಲ್ಲಿ ಇಷ್ಟು ಉಳಿದಿದೆ, ಇಷ್ಟು ಉಳಿದಿಲ್ಲ ಎಂದು ಆಧಾರ ಸಹಿತ ಹೇಳುವಂತಾಗಬೇಕು.